ಮೂರನೇ ಮಹಡಿಯ ಕರ್ನಲ್

ಸುಳ್ಳು ಹೇಳಬೇಕಾದರೆ ಎದೆಗಾರಿಕೆ ಬೇಕು. ನಿಜವನ್ನು ಅರ್ಧಕ್ಕೆ ನಿಲ್ಲಿಸಲು ಸ್ವಲ್ಪ ಸೋಮಾರಿತನವಿದ್ದರೆ ಸಾಕು. ಮೂರನೇ ಮಹಡಿಯ ಮನೆಯಾತನಿಗೆ ಎದೆಗಾರಿಕೆ ಇರಲಿಲ್ಲವಾದ್ದರಿಂದ ಅವನು ಜೀವಮಾನದಲ್ಲಿ ಸುಳ್ಳು ಹೇಳಿದವನಲ್ಲ. ಸೋಮಾರಿತನವನ್ನು ಮಾತ್ರ ದೇವರು ಅವನಿಗೆ ಅಳತೆ ನೋಡದೆ ಸುರಿದಿದ್ದ.

ಅವನದು ಕಂಪ್ಯೂಟರಿನ ಕೆಲಸ. ಹಾಗೆಂದು ಹೇಳಿಕೊಂಡದ್ದೇ ಅವನು ಮಾಡಿದ ಮೊದಲ ತಪ್ಪು. "ಕಂಪ್ಯೂಟರ್" ಎಂದು ಬಾಯಿಬಿಟ್ಟ ಕಡೆಯೆಲ್ಲ ಜನ ಅವನ ಕೈಗೆ ಕೆಟ್ಟ ಪ್ರಿಂಟರ್ ಕೊಡುತ್ತಿದ್ದರು. ಹೆಂಡತಿಯ ಚಿಕ್ಕಪ್ಪ ಮದುವೆಯ ದಿನವೇ ಕೊಟ್ಟಿದ್ದರು. ಅವನಿಗೆ ಪ್ರಿಂಟರ್ ರಿಪೇರಿ ಬರುತ್ತಿರಲಿಲ್ಲ. ಬರುವುದಿಲ್ಲ ಎಂದರೆ "ಮತ್ತೆ ಆಫೀಸಲ್ಲಿ ಏನ್ಮಾಡ್ತೀರಿ?" ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕೆ ಉತ್ತರ ಹೇಳಿ ಮುಗಿಸಲು ಅರ್ಧ ಗಂಟೆ ಬೇಕು. ಕೇಳಿದವರಲ್ಲಿ ಎರಡು ನಿಮಿಷ ದಾಟಿ ನಿಂತವರು ಇನ್ನೂ ಹುಟ್ಟಿರಲಿಲ್ಲ.

ಹೀಗಿರುವಾಗ ಒಂದು ದಿನ ಕಟ್ಟಡದ ಸಂಘದ ಕಾರ್ಯದರ್ಶಿಗಳು ದಪ್ಪನೆಯ ರಿಜಿಸ್ಟರ್ ಹಿಡಿದು ಬಾಗಿಲು ತಟ್ಟಿದರು. ಇವರು ಶಾಲೆಯ ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು. ಮೂವತ್ತು ವರ್ಷ ಊದಿದ ಸೀಟಿ ಈಗಲೂ ಕುತ್ತಿಗೆಯಲ್ಲಿ ತೂಗುತ್ತಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. ತಾನು, ಹೆಂಡತಿ, ಮಂಡಿನೋವಿನ ಚಿಕಿತ್ಸೆಗೆಂದು ಬಂದು ಉಳಿದಿರುವ ಅತ್ತೆ, ಒಟ್ಟು ಮೂರು ಎಂದ.

"ಉದ್ಯೋಗ?"

ನಮ್ಮವನಿಗೆ ಕಣ್ಣ ಮುಂದೆ ಪ್ರಿಂಟರ್ ಸುಳಿಯಿತು. ಈ ಸಲ ಆ ಹಾಳು ಶಬ್ದ ಎತ್ತುವುದೇ ಬೇಡವೆಂದುಕೊಂಡು, ಗಂಟಲು ಸರಿಮಾಡಿ, "ಕರ್ನಲ್" ಎಂದ.

ಅವನು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳಿಗೆ ಕರ್ನಲ್ ಎಂದೇ ಹೆಸರು. ಅದನ್ನು ಬರೆಯುವುದು, ಬರೆದದ್ದು ಕೆಟ್ಟರೆ ರಿಪೇರಿ ಮಾಡುವುದು ಅವನ ಹೊಟ್ಟೆಪಾಡು. ಆದರೆ ಕಾರ್ಯದರ್ಶಿಗಳ ಪೆನ್ನು ನಿಂತಿತು. ಬೆನ್ನು ನೆಟ್ಟಗಾಯಿತು.

"ಕರ್ನಲ್? ನೀವು?"

"ಹದಿನಾಲ್ಕು ವರ್ಷ ಆಯ್ತು."

"ಹದಿನಾಲ್ಕು ವರ್ಷ! ನೋಡಿದ್ರೆ ಗೊತ್ತೇ ಆಗಲ್ಲ ಸಾರ್!"

"ನಮ್ಮ ಕೆಲಸ ಹೊರಗೆ ಕಾಣೋದಿಲ್ಲ," ಎಂದ ಅವನು, ಯಾರಾದರೂ ಆಸಕ್ತಿಯಿಂದ ಕೇಳುತ್ತಿರುವುದು ಇದೇ ಮೊದಲಾದ್ದರಿಂದ ಉಬ್ಬಿ. "ನಾವು ಸರಿಯಾಗಿದ್ರೆ ನಾವು ಇರೋದೇ ಯಾರಿಗೂ ಗೊತ್ತಾಗಲ್ಲ. ನಾವು ತಪ್ಪಿದ್ರೆ ಮೇಲಿನದೆಲ್ಲ ಬೀಳುತ್ತೆ."

ಕಾರ್ಯದರ್ಶಿಗಳು ದನಿ ತಗ್ಗಿಸಿದರು. "ಈಗ ಯಾವ ಕೆಲಸದ ಮೇಲಿದೀರಿ? ಹೇಳಬಹುದಾದ್ರೆ ಮಾತ್ರ."

"ನಾಲ್ಕು ವಾರದಿಂದ ಒಬ್ಬನನ್ನ ಹುಡುಕ್ತಾ ಇದೀನಿ. ಹನ್ನೊಂದು ದಿನಕ್ಕೊಂದ್ಸಲ ಬರ್ತಾನೆ. ಸುಳ್ಳು ಲೆಕ್ಕ ಕೊಟ್ಟು ಎಲ್ಲಾ ಕೆಡವಿ ಹೋಗ್ತಾನೆ. ಹೊರಗಿನವನಲ್ಲ. ಒಳಗಿನವನೇ."

ಕಾರ್ಯದರ್ಶಿಗಳು ಎದ್ದು ನಿಂತರು. ತಂದಿಟ್ಟ ಕಾಫಿಯನ್ನೂ ಮುಟ್ಟಲಿಲ್ಲ. ದೇಶದ ಗುಟ್ಟು ಕೇಳಿದವರು ಕಾಫಿ ಕುಡಿಯುತ್ತ ಕೂರಲಾದೀತೆ?

ಮಾರನೆಯ ಬೆಳಿಗ್ಗೆ ಅವನು ಟಿಫಿನ್ ಡಬ್ಬಿ ಹಿಡಿದು ಮೆಟ್ಟಿಲಿಳಿಯುವಾಗ ಗೇಟಿನ ಕಾವಲುಗಾರ ಕಾಲಪ್ಪಳಿಸಿ ಸಲ್ಯೂಟ್ ಹೊಡೆದ. ನಮ್ಮವನು ಹಿಂತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಕೆಳಗಿನ ಅಂಗಡಿಯ ದರ್ಜಿ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಎದ್ದು ನಿಂತ. ವಿಷಯ ಹೊಳೆಯಲು ನಮ್ಮವನಿಗೆ ಬಸ್ಸು ನಿಲ್ದಾಣದವರೆಗೆ ನಡೆಯಬೇಕಾಯಿತು. ಹೊಳೆದ ಕೂಡಲೇ ವಾಪಸು ಹೋಗಿ, "ನಾನು ಆ ಕರ್ನಲ್ ಅಲ್ಲ, ಈ ಕರ್ನಲ್" ಎಂದು ಹೇಳಿಬಿಡಬಹುದಿತ್ತು. ಆದರೆ ಬಸ್ಸು ಬಂತು. ಬಸ್ಸು ಬಂದದ್ದು ಅವನ ತಪ್ಪೆ? ನಲವತ್ತನಾಲ್ಕು ವರ್ಷ ಒಂದೂ ಸಲ್ಯೂಟು ಕಾಣದ ಹಣೆ ಅದು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಸಲ್ಯೂಟು ಇನ್ನೂ ಜೋರಾಗಿತ್ತು.

ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವವಳು. ಕಣ್ಣಿಗೆ ಕಾಣದ್ದನ್ನು ಕಾಣುತ್ತೆ ಎನ್ನುವವರನ್ನು ದಿನವಿಡೀ ಹಿಡಿಯುವುದೇ ಅವಳ ಕಸುಬು. ಸಂಜೆ ಬಾಗಿಲಲ್ಲೇ ಹಿಡಿದಳು.

"ರೀ, ನಿಮಗೆ ಯಾವಾಗ ಸೈನ್ಯದಿಂದ ಕರೆ ಬಂತು?"

"ನಾನೇನೂ ಹೇಳಿಲ್ಲ ಮಾರಾಯ್ತಿ. ಅವರಾಗೇ ತಿಳ್ಕೊಂಡ್ರು."

"ಹಾಗಾದ್ರೆ ತಿಳಿಸಿ."

"ಸಮಯ ನೋಡಿ ಹೇಳ್ತೀನಿ."

ಅತ್ತೆ ಮಾತ್ರ ಸುದ್ದಿಯನ್ನು ನಿರಾಳವಾಗಿ ತೆಗೆದುಕೊಂಡರು. ಇಡೀ ದಿನ ಮನೆಬಾಗಿಲ ಮುಂದೆ, ಮೆಟ್ಟಿಲ ತಿರುವಿಗೆ ಕುರ್ಚಿ ಹಾಕಿ ಕೂರುತ್ತಿದ್ದ ಅವರಿಗೆ ಒಂದೇ ತಿಂಗಳಲ್ಲಿ ಕಟ್ಟಡದ ಅಷ್ಟೂ ಜನರ ಕಷ್ಟಸುಖ, ಮಾತ್ರೆ, ಮುನಿಸು ಎಲ್ಲ ಬಾಯಿಪಾಠವಾಗಿತ್ತು. "ಅಳಿಯಂದ್ರು ಕರ್ನಲ್ ಅಂತೆ. ಆಗ್ಲಿ," ಎಂದರು. "ಮಂಡಿಗೆ ಹಚ್ಚೋ ಮುಲಾಮು ಮುಗಿದಿದೆ. ಕರ್ನಲ್ ಸಾಹೇಬ್ರು ಹೋಗಿ ತರ್ತಾರೋ, ದಂಡು ಕಳಿಸ್ತಾರೋ?"

ಕರ್ನಲ್ ಸಾಹೇಬರೇ ಹೋಗಿ ತಂದರು.

ಆ ವಾರವೇ ಕಾರ್ಯದರ್ಶಿಗಳು ಅವನನ್ನು ಪುರಸಭೆಯ ಕಚೇರಿಗೆ ಎಳೆದೊಯ್ದರು. ಬೀದಿದೀಪ ಕೆಟ್ಟು ಐದು ತಿಂಗಳಾಗಿತ್ತು, ಫೈಲು ಮೇಜಿನಿಂದ ಮೇಜಿಗೆ ಸುತ್ತುತ್ತಿತ್ತು. "ನೀವೇನೂ ಮಾತಾಡೋದು ಬೇಡ ಸಾಹೇಬ್ರೆ, ಸುಮ್ಮನೆ ಪಕ್ಕದಲ್ಲಿ ನಿಂತ್ಕೊಳ್ಳಿ." ಸುಮ್ಮನೆ ನಿಲ್ಲುವುದು ಅವನಿಗೆ ಬರುವ ಕೆಲಸವೇ. ಆದರೆ ಕಾರ್ಯದರ್ಶಿಗಳು "ಕರ್ನಲ್" ಎಂದದ್ದೇ ಗುಮಾಸ್ತ ಕುರ್ಚಿ ಕೊಟ್ಟು, ಸೌಜನ್ಯಕ್ಕೆಂದು ಕೇಳಿಬಿಟ್ಟ: "ನಿಮ್ಮಲ್ಲಿ ಹೀಗೆಲ್ಲ ಫೈಲುಗಳ ರಗಳೆ ಇರಲ್ಲ, ಅಲ್ವಾ ಸಾರ್?"

"ಅಯ್ಯೋ, ನಮ್ಮದು ಪೂರ್ತಿ ಫೈಲುಗಳದ್ದೇ ರಗಳೆ," ಎಂದ ಅವನು, ಕುರ್ಚಿಯಲ್ಲಿ ಮುಂದೆ ಸರಿದು. ತನ್ನ ಕಸುಬಿನ ಮಾತು ಬಂದರೆ ಅವನಿಗೆ ಮೈಮೇಲೆ ಪ್ರಜ್ಞೆ ಇರುತ್ತಿರಲಿಲ್ಲ. "ಒಂದು ಫೈಲನ್ನ ಎಷ್ಟು ಜನ ಹಿಡಿದಿದಾರೆ ಅಂತ ಎಣಿಸ್ತೀವಿ. ಹಿಡಿದ ಕೂಡಲೇ ಒಂದು ಕೂಡಿಸ್ತೀವಿ, ಬಿಟ್ಟ ಕೂಡಲೇ ಒಂದು ಕಳೀತೀವಿ. ಒಬ್ಬನೇ ಒಬ್ಬ ಹಿಡಿದಿದ್ರೂ ಮುಟ್ಟಲ್ಲ. ಕಾಯ್ತೀವಿ."

"ಕಾದು?"

"ಲೆಕ್ಕ ಸೊನ್ನೆ ಆದ ಕ್ಷಣ ಮುಗಿಸಿಬಿಡ್ತೀವಿ. ಇತ್ತು ಅನ್ನೋ ಗುರುತೂ ಉಳಿಯಲ್ಲ. ಆ ಜಾಗ ಇನ್ನೊಬ್ಬರಿಗೆ."

ಗುಮಾಸ್ತ ಮೇಜಿನ ಮೇಲಿನ ಫೈಲುಗಳ ಕಡೆ ಕಣ್ಣು ಹಾಯಿಸಿದ. "ಹಿಡಿದವನು ಬಿಡದೇ ಕೂತ್ರೆ?"

"ಅದಕ್ಕೆ ಸೋರಿಕೆ ಅಂತೀವಿ. ಅಂಥವನು ಎಲ್ಲಿ ಕೂತಿದಾನೆ ಅಂತ ಹುಡುಕಿ ತೆಗೀತೀವಿ."

ಇವಿಷ್ಟೂ ರೆಫರೆನ್ಸ್ ಕೌಂಟ್ ಎಂಬ, ಕರ್ನಲ್ ಬರೆಯುವವರು ಮೊದಲ ವಾರವೇ ಕಲಿಯುವ ಪಾಠ. ಗುಮಾಸ್ತನಿಗೆ ಅದೇನು ಗೊತ್ತು? ಬೀದಿದೀಪದ ಫೈಲಿನ ಮೇಲೆ ಕೂತಿದ್ದವನು ಅವನೇ. ಸಂಜೆ ಐದಕ್ಕೆ ದೀಪ ಹತ್ತಿತು. ಆರಕ್ಕೆ, ಯಾರೂ ಕೇಳದ ಇನ್ನೊಂದು ಕಂಬವನ್ನೂ ನೆಟ್ಟು ಹೋದರು.

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿರಲಿಲ್ಲ. ದರ್ಜಿ ಎರಡು ತಿಂಗಳಿಂದ ಇಟ್ಟುಕೊಂಡಿದ್ದ ಪ್ಯಾಂಟನ್ನು ಎರಡು ಗಂಟೆಯಲ್ಲಿ ಹೊಲಿದುಕೊಟ್ಟ. ಎರಡನೇ ಮಹಡಿಯ ದಂತವೈದ್ಯೆ ತಮ್ಮ ಮಗಳಿಗೆ ಶಿಸ್ತಿನ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕರೆದರು, ಹೇಳಿದ. ಹೇಳುವಾಗ ಅವನ ಅಂಗಿಯ ಗುಂಡಿಗಳು ಒಂದು ಮನೆ ಹೆಚ್ಚುಕಮ್ಮಿಯಾಗಿದ್ದವು.

ಆಫೀಸಿನಲ್ಲಿ ಮಾತ್ರ ಅವನು ಕರ್ನಲ್ಲೂ ಅಲ್ಲ, ಸಿಪಾಯಿಯೂ ಅಲ್ಲ. ಅವನ ಕಂಪನಿ ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ಹನಿ ಹನಿಯಾಗಿ ಔಷಧ ಇಳಿಸುವ ಯಂತ್ರ ತಯಾರಿಸುತ್ತಿತ್ತು. ಆ ಯಂತ್ರ ಪರೀಕ್ಷಾ ಕೊಠಡಿಯಲ್ಲಿ ಹನ್ನೊಂದು ದಿನಕ್ಕೊಮ್ಮೆ ಮೂರ್ಛೆ ಹೋಗುತ್ತಿತ್ತು. ಒಳಗೆಲ್ಲೋ, ಒಬ್ಬರು ಇನ್ನೂ ಹಿಡಿದಿರುವ ವಸ್ತುವಿನ ಲೆಕ್ಕ ಸೊನ್ನೆಗಿಳಿದು, ಕರ್ನಲ್ ಅದನ್ನು ಕಿತ್ತು ಬೇರೆಯವರಿಗೆ ಕೊಡುತ್ತಿತ್ತು. ಯಾರು ಎಂಬುದು ಮಾತ್ರ ಸಿಗುತ್ತಿರಲಿಲ್ಲ. ತಂಡದ ಮುಖ್ಯಸ್ಥೆ, ಅವನಿಗಿಂತ ಹತ್ತು ವರ್ಷ ಚಿಕ್ಕವಳು, ಶುಕ್ರವಾರ ಮೃದುವಾಗಿಯೇ ಹೇಳಿದಳು: "ಸಾರ್, ಇದು ಸರಿಯಾಗದೆ ಯಂತ್ರ ಹೊರಗೆ ಹೋಗೋ ಹಾಗಿಲ್ಲ. ಮುಂದಿನ ವಾರದೊಳಗೆ ಸಿಗದಿದ್ರೆ ಇದನ್ನ ಬೇರೆಯವರಿಗೆ ಕೊಡ್ಲಾ? ನೀವೂ ಸ್ವಲ್ಪ ಸುಧಾರಿಸ್ಕೊಬಹುದು." ಬೈದಿದ್ದರೆ ಚೆನ್ನಾಗಿತ್ತು. ಸುಧಾರಿಸಿಕೊಳ್ಳಿ ಎಂದದ್ದು ಮೂಳೆಗೆ ನಾಟಿತು.

ಆ ನೋವಿನಲ್ಲಿ ಮನೆಗೆ ಬಂದವನ ಮುಂದೆ ಕಾರ್ಯದರ್ಶಿಗಳು ನಿಂತಿದ್ದರು. ಭಾನುವಾರ ಅಗ್ನಿಶಾಮಕ ದಳದವರು ಕಟ್ಟಡದಲ್ಲಿ ಬೆಂಕಿಯ ಅಣಕು ಕಾರ್ಯಾಚರಣೆ ನಡೆಸುತ್ತಾರಂತೆ. ಸೀಟಿ ಊದಿದ ಕೂಡಲೇ ಎಲ್ಲರೂ ಹೊರಗೆ ಬರಬೇಕು. ಬಂದವರ ಎಣಿಕೆಗೆ ನಂಬಿಕಸ್ಥರೊಬ್ಬರು ಬೇಕು.

"ಕರ್ನಲ್ ಸಾಹೇಬ್ರು ಇರುವಾಗ ಬೇರೆಯವರನ್ನ ಹುಡುಕೋದೇ?"

ಎಣಿಕೆ! ಹದಿನಾಲ್ಕು ವರ್ಷ ಅವನು ಮಾಡಿದ್ದು ಇನ್ನೇನು? ಆಫೀಸಿನಲ್ಲಿ ಹೋದ ಮಾನವನ್ನು ಮನೆಯ ಗೇಟಿನಲ್ಲಾದರೂ ಗಳಿಸಬೇಕೆಂದು ತೀರ್ಮಾನಿಸಿದ. ಶನಿವಾರವೆಲ್ಲ ಕೂತು ಒಂದು ಕಪ್ಪು ಹಲಗೆ ತಯಾರಿಸಿದ. ಕಟ್ಟಡದ ಒಳಗೆ ಐವತ್ತಮೂರು ಜನ. ಹೊರಗೆ ಬಂದವರಿಗೆ ಒಂದು ಕಳೆ. ಒಳಗೆ ಹೋದವರಿಗೆ ಒಂದು ಕೂಡು. ಸೊನ್ನೆಯಾದರೆ ಕಟ್ಟಡ ಖಾಲಿ.

ಭಾನುವಾರ ಹತ್ತು ಗಂಟೆಗೆ ಕೆಂಪು ವಾಹನ ಬಂತು. ದಳದ ಅಧಿಕಾರಿ ಹಲಗೆಯನ್ನು ಮೇಲಿಂದ ಕೆಳಗೆ ನೋಡಿ, "ಇದು ವಿಧಾನ ಅಂದ್ರೆ!" ಎಂದು ಮೆಚ್ಚಿ ಸಲ್ಯೂಟ್ ಮಾಡಿದರು. ನಮ್ಮವನೂ ಮಾಡಿದ. ಕೈಯಲ್ಲಿದ್ದ ಸೀಮೆಸುಣ್ಣ ಹುಬ್ಬಿಗೆ ಬಳಿಯಿತು.

ಕಾರ್ಯದರ್ಶಿಗಳು ಇಷ್ಟು ವರ್ಷ ತಡೆದಿಟ್ಟ ಉಸಿರನ್ನೆಲ್ಲ ಸೀಟಿಗೆ ತುಂಬಿ ಊದಿದರು. ಜನ ಇಳಿದರು. ಐವತ್ತೆರಡು, ಐವತ್ತೊಂದು, ಐವತ್ತು. ಹೆಂಡತಿ ಬಂದಳು. ದಂತವೈದ್ಯೆ ಮಗಳ ಜೊತೆ ಪ್ರಿಂಟರನ್ನೂ ಎತ್ತಿಕೊಂಡು ಬಂದರು. ಬೆಂಕಿ ಬಿದ್ದರೆ ಅಮೂಲ್ಯ ವಸ್ತು ಉಳಿಸಬೇಕಲ್ಲವೆ. ದರ್ಜಿ ಬಂದ. ಕಡೆಗೆ ಒಂದು ಉಳಿಯಿತು. ಅಷ್ಟರಲ್ಲಿ ಏದುಸಿರು ಬಿಡುತ್ತ ಒಬ್ಬ ಹೊರಬಂದ. ನಮ್ಮವನು ತಲೆಯೆತ್ತದೆ ತಲೆಯಾಡಿಸಿ, ಒಂದನ್ನು ಅಳಿಸಿ, ದುಂಡಗೆ ಸೊನ್ನೆ ಬರೆದ.

"ಖಾಲಿ!"

"ಖಚಿತವಾ ಸಾರ್?"

"ಸೊನ್ನೆ ಅಂದ್ರೆ ಸೊನ್ನೆ."

ಹೆಂಡತಿ ಗುಂಪಿನಿಂದ ಬಂದು ತೋಳು ಹಿಡಿದಳು. "ರೀ, ಅಮ್ಮ ಎಲ್ಲಿ? ನೀನು ನಡಿ, ಹಿಂದೆಯೇ ಬರ್ತೀನಿ ಅಂದಿದ್ರು."

"ಇಲ್ಲೇ ಎಲ್ಲೋ ಇರ್ತಾರೆ ನೋಡು."

"ನಾನು ನೋಡಿದೆ. ಕಾಣ್ತಾ ಇಲ್ಲ."

"ನಿನಗೆ ಕಾಣದೇ ಇರಬಹುದು. ಹಲಗೆಗೆ ಕಂಡಿದೆ. ಅವರು ಒಳಗಿದ್ರೆ ಒಂದು ಇರ್ಬೇಕಿತ್ತು. ಸೊನ್ನೆ ಇದೆ. ಆದ್ದರಿಂದ ಅವರು ಹೊರಗಿದಾರೆ."

ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ದೋಷವಿರಲಿಲ್ಲ. ಅಧಿಕಾರಿ ಕೈಯೆತ್ತಿದರು. ಮುಂಬಾಗಿಲಿಗೆ ಅಗಳಿ ಬಿತ್ತು. ನಾಲ್ವರು ಪೈಪು ಎತ್ತಿ ಹಿಡಿದರು. ಅಣಕಿನ ಬೆಂಕಿ ಮೂರನೇ ಮಹಡಿಯಲ್ಲಿದೆ ಎಂದು ಮೊದಲೇ ಗೊತ್ತುಮಾಡಿತ್ತು. ಅಲ್ಲೊಂದು ಕಿಟಕಿ ಪೂರ್ತಿ ತೆರೆದಿತ್ತು ಕೂಡ. ನೀರು ಬಿಲ್ಲಿನಂತೆ ಬಾಗಿ, ಬಿಸಿಲಿಗೆ ಹೊಳೆದು, ನೇರವಾಗಿ ಒಳಹೊಕ್ಕಿತು. ಜನ ಚಪ್ಪಾಳೆ ತಟ್ಟಿದರು. ಮೊದಲು ತಟ್ಟಿದವನು ನಮ್ಮವನೇ.

ಕಿಟಕಿಯಲ್ಲಿ ಅತ್ತೆ ಕಾಣಿಸಿಕೊಂಡರು.

ತಲೆಯಿಂದ ನೀರು ಸುರಿಯುತ್ತಿತ್ತು. ಒಂದು ಕೈಯಲ್ಲಿ ಮುಲಾಮಿನ ಡಬ್ಬಿ ಇತ್ತು. ಅವರು ಕೂಗಲಿಲ್ಲ. ನೀರು ನಿಲ್ಲುವವರೆಗೆ ಕಾದು, ಮುಖ ಒರೆಸಿಕೊಂಡು, ಕೆಳಗೆ ನೋಡಿದರು.

"ಅಳಿಯಂದ್ರೆ," ಎಂದರು, "ಮುಲಾಮು ಹಚ್ಚಿ ಇಳೀತಿದ್ದೆ. ಅಷ್ಟರಲ್ಲೇ ನನ್ನನ್ನ ಕಳೆದುಬಿಟ್ರಾ?"

ಅಧಿಕಾರಿ ಬಾಗಿಲು ತೆಗೆಸಿ ಇಬ್ಬರನ್ನು ಟವೆಲಿನೊಂದಿಗೆ ಮೇಲೆ ಅಟ್ಟಿ, ನಮ್ಮವನ ಕಡೆಗೆ ತಿರುಗಿದರು. ಕಣ್ಣಲ್ಲಿ ಬೆಳಗಿನ ಗೌರವ ಇರಲಿಲ್ಲ. "ನಿಮ್ಮದು ಯಾವ ರೆಜಿಮೆಂಟು?"

ಐವತ್ತೆರಡು ಜನ ಅವನತ್ತ ತಿರುಗಿದರು. ತಪ್ಪಿಸಿಕೊಳ್ಳೋಣವೆಂದರೆ ಈಗ ಬಸ್ಸೂ ಬರಲಿಲ್ಲ.

"ಮೆಮೊರಿ ವಿಭಾಗ," ಎಂದ ಅವನು ಮೆಲ್ಲಗೆ. "ಕಂಪ್ಯೂಟರಿಂದು. ಅದರ ಒಳಗಿನ ತಿರುಳಿಗೂ ಕರ್ನಲ್ ಅಂತಾನೇ ಅಂತಾರೆ. ನಾನು ಅದನ್ನ ಬರೆಯೋನು. ಬಂದೂಕು ಮುಟ್ಟಿಲ್ಲ. ಪಟಾಕಿ ಅಂದ್ರೂ ಭಯ."

ಕಾರ್ಯದರ್ಶಿಗಳ ಬಾಯಿಂದ ಸೀಟಿ ಕೆಳಗೆ ಬಿತ್ತು. "ಆ ಒಳಗಿನ ದ್ರೋಹಿ?"

"ಅವನೂ ಕಂಪ್ಯೂಟರ್ ಒಳಗೇ ಇದಾನೆ."

ಯಾರೂ ಬೈಯಲಿಲ್ಲ, ನಗಲಿಲ್ಲ. ದಂತವೈದ್ಯೆ ಮಾತ್ರ ಮುಂದೆ ಬಂದು, ತಬ್ಬಿಕೊಂಡಿದ್ದ ಪ್ರಿಂಟರನ್ನು ಅವನ ಕೈಯಲ್ಲಿಟ್ಟರು. "ಕಂಪ್ಯೂಟರ್ ಅಂತ ಮೊದಲೇ ಹೇಳ್ಬಾರ್ದಿತ್ತಾ? ಇದು ಕಾಗದ ನುಂಗ್ತಾ ಇದೆ, ನೋಡಿ."

ಪ್ರಿಂಟರ್ ಹೊತ್ತು ನಿಂತಿದ್ದವನ ಹತ್ತಿರ ದರ್ಜಿ ಹೆದರುತ್ತ ಬಂದ. "ಸಾಹೇಬ್ರೆ, ತಪ್ಪು ನಂದೇ ಇರ್ಬೇಕು. ಒಂದ್ಸಲ ಹೊರಗೆ ಬಂದವನಿಗೆ ಇಸ್ತ್ರಿಪೆಟ್ಟಿಗೆ ಆರಿಸಿಲ್ಲ ಅಂತ ನೆನಪಾಯ್ತು. ಹಿಂಬಾಗಿಲಿಂದ ಒಳಗೆ ಹೋಗಿ, ಆರಿಸಿ, ಮತ್ತೆ ಮುಂದಿನಿಂದ ಬಂದೆ. ನೀವು ಎರಡು ಸಲಾನೂ ನನಗೆ ತಲೆ ಆಡಿಸಿದ್ರಿ."

"ಹೋದದ್ದು ಹಿಂಬಾಗಿಲಿಂದ," ಎಂದ ಅವನು. "ಕೂಡಿಸಲಿಲ್ಲ."

"ಹೌದು ಸಾಹೇಬ್ರೆ."

"ಬಂದದ್ದು ಮುಂಬಾಗಿಲಿಂದ. ಕಳೆದೆ."

"ತಪ್ಪಾಯ್ತು ಸಾಹೇಬ್ರೆ."

ನಮ್ಮವನ ಮುಖ ಬಿಳಿಚಿತು. ಅವಮಾನಕ್ಕೆಂದು ಜನ ತಿಳಿದರು, ಕಾವಲುಗಾರ ಕುರ್ಚಿ ತಂದ. ಅವನು ಕೂರಲಿಲ್ಲ. ಪ್ರಿಂಟರನ್ನು ದರ್ಜಿಯ ಕೈಗೆ ವರ್ಗಾಯಿಸಿ, ಚಪ್ಪಲಿಯಲ್ಲೇ ಆಫೀಸಿಗೆ ಓಡಿದ.

ಆರು ವಾರ ಅವನು ಹುಡುಕಿದ್ದು, ಎಲ್ಲರೂ ಓಡಾಡುವ ಮುಂಬಾಗಿಲಿನಲ್ಲಿ. ಈಗ ಹಿಂಬಾಗಿಲು ಹುಡುಕಿದ. ಯಂತ್ರದಲ್ಲಿ ಅಪರೂಪಕ್ಕೆ, ಸರಿಸುಮಾರು ಹನ್ನೊಂದು ದಿನಕ್ಕೊಮ್ಮೆ, ಒಂದು ಸಣ್ಣ ಎಡವಟ್ಟು ಆಗುತ್ತಿತ್ತು. ಆಗ ಮಾತ್ರ ನಡೆಯುವ ಹತ್ತು ಸಾಲುಗಳಲ್ಲಿ, ತಾನು ಹಿಡಿಯದೇ ಇದ್ದ ವಸ್ತುವನ್ನು "ಬಿಟ್ಟೆ" ಎಂದು ವರದಿ ಕೊಡುವ ಒಂದು ಸಾಲು ತಣ್ಣಗೆ ಕೂತಿತ್ತು. ಸೋಮವಾರ ಬೆಳಿಗ್ಗೆ ಮುಖ್ಯಸ್ಥೆಗೆ ತೋರಿಸಿದ.

"ಸಾರ್! ಸಿಕ್ತಲ್ಲ!" ಅವಳು ಕುರ್ಚಿಯಿಂದ ಹಾರಿದಳು. "ಯಾರು ಬರೆದಿದ್ದು ಇದನ್ನ?"

"ಏಳು ವರ್ಷದ ಹಿಂದಿಂದು."

"ಬರೆದವರು ಕೆಲಸ ಬಿಟ್ಟು ಹೋದ್ರಾ?"

"ಇಲ್ಲ," ಎಂದ ಅವನು, ಚಪ್ಪಲಿಯ ಕಡೆ ನೋಡುತ್ತ. "ಬಿಡ್ತಾನೇ ಇಲ್ಲ."

ಅವಳಿಗೆ ಅರ್ಥವಾಯಿತು. ನಗು ತಡೆಯಲು ತುಟಿ ಕಚ್ಚಿಕೊಂಡಳು. "ಆರು ವಾರದ ಕೆಲಸ ಏನು ಅಂತ ವರದೀಲಿ ಬರೀಲಿ?"

"ಒಂದು ಸಾಲು ಅಳಿಸಿದ್ದು ಅಂತ ಬರೀರಿ."

ಮನೆಗೆ ಬಂದರೆ ಅಲ್ಲಿ ಬೇರೆಯೇ ತೀರ್ಪು ಕಾದಿತ್ತು. ಅಗ್ನಿಶಾಮಕ ದಳದವರು ಮುಂದಿನ ಭಾನುವಾರ ಮತ್ತೊಮ್ಮೆ ಅಣಕು ನಡೆಸಬೇಕೆಂದು ಬರೆದಿದ್ದರು. ಕಾರ್ಯದರ್ಶಿಗಳು ಕಾಗದ ಓದಿ, ಕನ್ನಡಕದ ಮೇಲಿಂದ ನೋಡಿದರು. ಎಣಿಕೆಯ ಜವಾಬ್ದಾರಿ ಈ ಸಲ ನಿಮ್ಮ ಅತ್ತೆಯವರಿಗೆ ಎಂದರು. ಅವರಾಗಿಯೇ ಕೇಳಿದರಂತೆ. "ಹಲಗೆ ಬೇಡ, ಸುಣ್ಣ ಬೇಡ, ನನಗೊಂದು ಕುರ್ಚಿ ಸಾಕು. ಎಷ್ಟು ಜನ ಅನ್ನೋದು ನಂಗೊತ್ತಿಲ್ಲ, ಯಾರ್ಯಾರು ಅನ್ನೋದು ಗೊತ್ತು ಅಂದ್ರು."

"ನಾನು?"

"ನಿಮಗೂ ಒಂದು ಹುದ್ದೆ ಇದೆ. ಗಾಯಾಳು."

ಹೀಗೆ ಎರಡನೇ ಭಾನುವಾರ ನಮ್ಮವನು ತಲೆಗೆ ಪಟ್ಟಿ ಕಟ್ಟಿಸಿಕೊಂಡು ಮೂರನೇ ಮಹಡಿಯಲ್ಲಿ ಸ್ಟ್ರೆಚರಿನ ಮೇಲೆ ಮಲಗಿದ. ಮೂರು ಕಡೆ ಬೆಲ್ಟು ಬಿಗಿದರು. ಗಾಯಾಳು ಪ್ರಜ್ಞೆ ತಪ್ಪಿರುತ್ತಾನೆ, ಆದ್ದರಿಂದ ಏನೇ ಆದರೂ ಮಾತಾಡಬಾರದು ಎಂದು ಅಧಿಕಾರಿ ಎರಡು ಸಲ ಹೇಳಿದರು. ಅವನು ಈ ಸಲ ಯಾವ ತಪ್ಪೂ ಮಾಡಬಾರದೆಂದು ಶಪಥ ತೊಟ್ಟು, ಕಣ್ಣು ಮುಚ್ಚಿದ.

ಸೀಟಿ ಕೂಗಿತು. ದರ್ಜಿ, ಕಾವಲುಗಾರ ಸೇರಿ ನಾಲ್ವರು ಎತ್ತಿದರು. ಎರಡನೇ ಮಹಡಿಯ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು. ಕೆಳಗಿಳಿಸಿದರು. ನೇರಮಾಡಬೇಕೋ ಓರೆಮಾಡಬೇಕೋ ಎಂದು ದರ್ಜಿಗೂ ಕಾವಲುಗಾರನಿಗೂ ವಾದ ಹತ್ತಿತು. ಉಳಿದ ಇಬ್ಬರು ಅಧಿಕಾರಿಯನ್ನು ಕೇಳಿ ಬರುತ್ತೇವೆಂದು ಇಳಿದರು. ಅವರು ತಡಮಾಡಿದರೆಂದು ಇವರಿಬ್ಬರೂ ಇಳಿದರು. ಕೆಳಗೆ ಹೋದವರಿಗೆ ಅಲ್ಲಿ ನಿಂಬೆಹಣ್ಣಿನ ಪಾನಕ ಹಂಚುತ್ತಿರುವುದು ಕಂಡಿತು.

ಮೆಟ್ಟಿಲಲ್ಲಿ ಸದ್ದಡಗಿತು. ನಮ್ಮವನ ಮೂಗಿನ ಮೇಲೊಂದು ನೊಣ ಕೂತಿತು. ಕೈ ಕಟ್ಟಿತ್ತು. ಪ್ರಜ್ಞೆ ತಪ್ಪಿದವನು ನೊಣ ಓಡಿಸುತ್ತಾನೆಯೇ? ಇಲ್ಲ. ಕೂಗುತ್ತಾನೆಯೇ? ಅದೂ ಇಲ್ಲ. ಅವನು ನಿಯಮ ಪಾಲಿಸಿದ. ಕೆಳಗಿನಿಂದ ಅಧಿಕಾರಿಯ ಗಟ್ಟಿದನಿ ಮೇಲೇರಿ ಬಂತು.

"ಎಲ್ಲಾ ಬಂದ್ರಾ? ಬಾಗಿಲು ಹಾಕ್ಲಾ? ನೀರು ಬಿಡ್ಲಾ?"

ತಿರುವಿನಲ್ಲಿ, ಅವನ ಪಕ್ಕದ ಕಿಟಕಿ ತೆರೆದೇ ಇತ್ತು. ಅವನು ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿಕೊಂಡ.

"ಸ್ವಲ್ಪ ನಿಲ್ಲಿ," ಎಂಬ ದನಿ ಕೇಳಿತು. ಕುರ್ಚಿ ಸರಿದ ಸದ್ದು. ನೋಯುವ ಮಂಡಿಯಲ್ಲಿ ಯಾರೋ ಒಬ್ಬರು ಎದ್ದು ನಿಲ್ಲಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮೌನ.

"ಪೈಪು ಕೆಳಗಿಡ್ರಪ್ಪ," ಎಂದರು ಅತ್ತೆ. "ನಮ್ಮ ಅಳಿಯಂದ್ರು ಇನ್ನೂ ಒಳಗಿದಾರೆ."